ಆಚೆ ಬದಿಯ ಬೆಂಕಿ

ಸುಟ್ಟ ಗಾಯದ ಮುಲಾಮು ಟ್ಯೂಬಿಗೆ ಏಳುನೂರು ವೊನ್. ಆಕ್ಸಿಜನ್ ಸಿಲಿಂಡರು ಒಂದು ಸಲ ತುಂಬಿಸಲು ಆರು ಸಾವಿರ. ಕಟಿಂಗ್ ಟಾರ್ಚಿನ ತಾಮ್ರದ ನಾಜಲ್ ಒಂಬೈನೂರು, ಬೆಸುಗೆ ಟಾರ್ಚಿನದು ಅದಕ್ಕಿಂತ ಇನ್ನೂರು ಕಡಿಮೆ. ಹಡಗಿನ ಪಕ್ಕೆಗೆ ಹಲಗೆ ಇಳಿಬಿಟ್ಟುಕೊಂಡು ಕೂತು ತುಕ್ಕು ಬಡಿಯುವ ಹೆಂಗಸಿಗೆ ದಿನಕ್ಕೆ ನಾಲ್ಕೂವರೆ ಸಾವಿರ. ಒಳಗೆ ಕೂತು ಅದೇ ಪಕ್ಕೆಯನ್ನು ಕತ್ತರಿಸುವ ಗಂಡಸಿಗೆ ಹನ್ನೊಂದು ಸಾವಿರ. ಬೆಸೆಯುವವನಿಗೆ ಹದಿಮೂರು ಸಾವಿರವಿತ್ತು, ಬೆಸೆಯುವ ಕೆಲಸ ಇದ್ದ ಕಾಲಕ್ಕೆ. ಇಷ್ಟನ್ನೂ ಮಾ ದೊಕ್ಸು ಬಾಯಿಪಾಠದಂತೆ ಬಲ್ಲ. ತುಕ್ಕು ಬಡಿಯುವ ವೊಲ್ಜಾಳ ನಿನ್ನೆ ಸುಟ್ಟ ಬಲಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ಚರ್ಮಕ್ಕೆ ಎಷ್ಟು ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ, ಔಷಧಿ ಅಂಗಡಿಯವನೂ ಹೇಳಲಿಲ್ಲ. "ಯಾರಿಗೆ ಸುಟ್ಟಿದ್ದು?" ಎಂದಷ್ಟೇ ಕೇಳಿದ. "ನನಗೇ" ಎಂದ ದೊಕ್ಸು. ಅಂಗಡಿಯವನು ಅವನ ಎರಡೂ ಕೈ ನೋಡಿದ, ಮುಖ ನೋಡಿದ, ಚಿಲ್ಲರೆ ಎಣಿಸಿ ಕೊಟ್ಟ. ಆ ನೋಟಕ್ಕೇ ದೊಕ್ಸುವಿಗೆ ಸಿಟ್ಟು ಬಂತು. ಬೆಳಗಿನಿಂದ ಅವನಿಗೆ ಸಿಟ್ಟು ಯಾವುದರ ಮೇಲೆ ಬಂದಿರಲಿಲ್ಲ? ಬೂಟಿನ ದಾರದ ಮೇಲೆ ಬಂದಿತ್ತು, ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಬಂದಿತ್ತು, ಉಪ್ಪು ಹೆಚ್ಚಾಯಿತೆಂದು ಹೇಳಲು ಬಾಯಿ ಬಾರದ್ದಕ್ಕೂ ಬಂದಿತ್ತು.

ಹೆಂಡತಿ ಬುನಿ ಇಳಿಜಾರಿನಲ್ಲಿ ಹತ್ತು ಹೆಜ್ಜೆ ಮುಂದಿದ್ದಳು. ಯೊಂಗ್ದೊ ದ್ವೀಪದ ಈ ಕೇರಿಯಲ್ಲಿ ಗಂಡ ಹೆಂಡಿರು ಹಡಗು ರಿಪೇರಿಯ ಒಂದೇ ಅಂಗಳಕ್ಕೆ ಕೆಲಸಕ್ಕೆ ಹೋದರೂ ಜೊತೆಯಾಗಿ ನಡೆಯುವುದಿಲ್ಲ. ಆದರೆ ಇವತ್ತಿನ ಹತ್ತು ಹೆಜ್ಜೆ ದಿನನಿತ್ಯದ ಹತ್ತು ಹೆಜ್ಜೆಯಲ್ಲವೆಂದು ಅವಳ ಬೆನ್ನು ಹೇಳುತ್ತಿತ್ತು. ಇಪ್ಪತ್ತೆರಡು ವರ್ಷ ಕಬ್ಬಿಣದ ಮೇಲೆ ಸುತ್ತಿಗೆ ಬಡಿದು ಅವಳ ಎರಡೂ ಕಿವಿ ಹೋಗಿದ್ದವು. ಕೇರಿಯ ಅರ್ಧ ಹೆಂಗಸರ ಪಾಡು ಅದೇ. ಅವರು ಮುದ್ದು ಮಾಡುವುದೂ ಕೂಗಿಯೇ, ಹಿಡಿ ಉಪ್ಪು ಕೇಳುವುದೂ ಕೂಗಿಯೇ. ಬುನಿಗೆ ಒಂದು ಗುಟ್ಟು ಹೇಳಬೇಕೆಂದರೆ ಗಂಟಲು ಹರಿಯುವಂತೆ ಕೂಗಬೇಕು; ಮನೆಮನೆಯ ನಡುವೆ ಗೋಡೆ ಎಂಬುದು ಒಂದು ಪದರ ಹಲಗೆ; ಮೂರನೇ ಬಾಗಿಲು ವೊಲ್ಜಾಳದು. ನಿನ್ನೆ ಸಂಜೆ ಊಟಕ್ಕೆ ಕೂತಾಗ ದೊಕ್ಸು ಬಾಯಿ ತೆರೆದಿದ್ದ. ಬುನಿ ಚಮಚ ಕೆಳಗಿಟ್ಟು ಅವನ ತುಟಿಯನ್ನೇ ನೋಡುತ್ತ ಕಾದಳು. "ಸಾರು ಬಿಸಿ ಇದೆ" ಎಂದ. ಅವಳು ಮತ್ತೆ ಚಮಚ ಎತ್ತಿಕೊಂಡಳು. ನಿಜವಾಗಿ ಅವಳಿಗೆ ಹೇಳಬೇಕಾದ್ದೇನೂ ಇರಲಿಲ್ಲ. ನಿನ್ನೆ ಹಡಗಿನ ಪಕ್ಕೆಗೆ ಇಳಿಬಿಟ್ಟ ಹಲಗೆಯ ಮೇಲೆ ವೊಲ್ಜಾಳಿಗೆ ಒತ್ತಿಕೊಂಡು ಕೂತಿದ್ದವಳು ಬುನಿಯೇ. ಅವಳ ಅಂಗೈ ಅವನು ಕತ್ತರಿಸಿದ ತಗಡಿನ ಮೇಲೇ ಇತ್ತು.

ಒಳಗಿನಿಂದ ಹಡಗಿನ ಪಕ್ಕೆಯನ್ನು ಕತ್ತರಿಸುವ ಮೊದಲು ಸುತ್ತಿಗೆಯಿಂದ ಮೂರು ಸಲ ಬಡಿಯಬೇಕು. ಹೊರಗಿನ ಹೆಂಗಸರು ಎರಡು ಸಲ ಬಡಿದು ಉತ್ತರ ಕೊಟ್ಟು ಹಲಗೆಯನ್ನು ಅತ್ತ ಸರಿಸಿಕೊಳ್ಳುತ್ತಾರೆ. ಆಮೇಲೆ ಬೆಂಕಿ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿದ್ದೂ ಇಲ್ಲ. ಕಿವಿ ಕೇಳದವರಿಗೆ ಬಡಿತ ಹೇಗೆ ಕೇಳೀತು ಎಂದು ಹೊರಗಿನಿಂದ ಬಂದವರು ನಗುತ್ತಾರೆ. ಹೆಂಗಸರು ಕೇಳಿಸಿಕೊಳ್ಳುವುದೇ ಇಲ್ಲ. ಎಡ ಅಂಗೈಯನ್ನು ತಗಡಿಗೆ ಆನಿಸಿ ಬಲಗೈಯಲ್ಲಿ ಸುತ್ತಿಗೆ ಹಾಕುವುದು ಅವರ ಪದ್ಧತಿ. ಸುತ್ತ ನಲವತ್ತು ಸುತ್ತಿಗೆ ಬೀಳುತ್ತಿದ್ದರೂ ಒಳಗಿನ ಮೂರು ಬಡಿತ ಬಸುರಿಗೆ ಕೂಸಿನ ಒದೆತ ತಿಳಿದ ಹಾಗೆ ಬೇರೆಯಾಗಿಯೇ ತಿಳಿಯುತ್ತದೆ ಎಂದು ಬುನಿ ಒಮ್ಮೆ ಹೇಳಿದ್ದಳು. ಹಾಗಾದರೆ ಬಡಿಯದೆ ಇದ್ದದ್ದೂ ತಿಳಿದಿರುತ್ತದೆ. ತಿಳಿದೂ ನಿನ್ನೆ ಫೋರ್‌ಮನ್ ಎದುರಿಗೆ ಬುನಿ ತುಟಿ ಬಿಚ್ಚಲಿಲ್ಲ. ಗಂಡನಿಗಾಗಿ ಬಿಚ್ಚಲಿಲ್ಲ. ದೊಕ್ಸುವಿಗೆ ಅದಕ್ಕಿಂತ ಹೆಚ್ಚಿನ ಸಿಟ್ಟು ಇನ್ನಾವುದರ ಮೇಲೂ ಇರಲಿಲ್ಲ. ಯಾರು ಕೇಳಿದ್ದರು ಇವಳನ್ನು ಸುಮ್ಮನಿರು ಎಂದು?

ಅಂಗಳದ ಬಾಗಿಲಲ್ಲಿ ವೊಲ್ಜಾ ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದಳು. ಬಲಗೈಗೆ ಹಳೇ ಟವೆಲು ಸುತ್ತಿತ್ತು. ತಲೆಗೆ ಎಂದಿನ ಹೂವಿನ ಬಟ್ಟೆ ಕಟ್ಟಿದ್ದಳು, ಮಡಿಲಲ್ಲಿ ಸುತ್ತಿಗೆ ಇಟ್ಟುಕೊಂಡಿದ್ದಳು, ಯಾರಾದರೂ ಒಳಗೆ ಬಾ ಎಂದರೆ ತಡವಾಗಬಾರದು ಎಂಬಂತೆ.

"ಅಕ್ಕಾ, ನನ್ ಜಾಗದಲ್ಲಿ ಯಾರ್ನಾದ್ರೂ ಕೂರಿಸ್ಕೊಂಡ್ಬಿಟ್ಟೀಯ" ಎಂದು ಬುನಿಗೆ ಕೂಗಿದಳು.

"ನಿನ್ ಕುಂಡೆ ಅಗಲಕ್ಕೆ ಇಬ್ರು ಬೇಕು. ಎಲ್ಲಿಂದ ತರ್ಲಿ?" ಎಂದು ಬುನಿಯೂ ಕೂಗಿದಳು.

ಇಬ್ಬರೂ ನಕ್ಕರು. ಬುನಿ ನಿಲ್ಲದೆ ಒಳಗೆ ಹೋದಳು. ದೊಕ್ಸು ತಲೆ ತಗ್ಗಿಸಿ ದಾಟಿಕೊಳ್ಳಬೇಕೆಂದಿದ್ದ.

"ಭಾವ" ಎಂದಳು ವೊಲ್ಜಾ. ಬುನಿಯನ್ನು ಅಕ್ಕ ಎಂದ ಮೇಲೆ ಅವನು ಭಾವನೇ. ಹದಿನೈದು ವರ್ಷದಿಂದ ಹಾಗೇ. "ಭಾವ, ನಿಮ್ ಮೇಲೆ ನಂಗೇನಿಲ್ಲ. ನೀವು ಬಡ್ದಿರ್ತೀರ, ಇನ್ಯಾರ್ದೋ ಎರಡು ಬಡಿತಾನ ನಮ್ ಉತ್ತರ ಅಂದ್ಕೊಂಡಿರ್ತೀರ. ನಂಗೇ ಗೊತ್ತಾಗ್ಲಿಲ್ಲ. ಕಿವಿ ಹೋಗಿತ್ತು, ಈಗ ಅಂಗೈನೂ ಕಿವುಡಾಯ್ತೋ ಏನೋ." ಎಡಗೈ ಬಿಡಿಸಿ, ಅದು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ಐವತ್ತು ದಾಟ್ತಲ್ಲ."

ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಬೈಗುಳಗಳೆಲ್ಲ ನಾಲಗೆಯ ತುದಿಯಲ್ಲಿ ಸಿದ್ಧವಾಗಿಯೇ ಇದ್ದವು. ಆದರೆ ಇವಳು ತನ್ನ ಅಂಗೈಯನ್ನು ಅನುಮಾನಿಸುತ್ತಿದ್ದಳು, ಅವನನ್ನಲ್ಲ. ಜೇಬಿನಲ್ಲಿದ್ದ ಮುಲಾಮನ್ನು ಅವನ ಬೆರಳು ಹಿಂಡುತ್ತಿದ್ದವು. ಈಗ ಕೊಟ್ಟರೆ ಯಾಕೆ ಕೊಟ್ಟೆ ಎಂದಾಗುತ್ತದೆ. ಬಡಿದವನು ಮುಲಾಮು ಯಾಕೆ ತರುತ್ತಾನೆ? "ಹೂಂ" ಎಂದು ಹೇಳಿ ಒಳಗೆ ನಡೆದ. ಸಾಮಾನಿನ ಕೊಟ್ಟಿಗೆಯ ಹತ್ತಿರ ಬುನಿಯನ್ನು ತಡೆದು ಟ್ಯೂಬನ್ನು ಮುಂದೆ ಚಾಚಿದ.

"ಅವಳಿಗೆ ಕೊಡು."

"ಆಂ?"

"ಅವಳಿಗೆ ಕೊಡು ಇದನ್ನ."

"ಯಾರಿಗೆ?" ಅವಳು ತುಟಿ ಓದಬಲ್ಲಳು, ಸರಿಯಾಗಿಯೇ ಓದಿದ್ದಳು. ಅವನ ಬಾಯಿಂದ ಹೆಸರು ಹೊರಡಲಿ ಎಂದು ಕಾಯುತ್ತಿದ್ದಳು. ಅವನು ಟ್ಯೂಬನ್ನೇ ಇನ್ನಷ್ಟು ಮುಂದೆ ಚಾಚಿದ. "ನೀವೇ ಕೊಡಿ" ಎಂದು ಸುತ್ತಿಗೆ ತೆಗೆದುಕೊಂಡು ಹೊರಟೇಬಿಟ್ಟಳು.

ಫೋರ್‌ಮನ್ ಬ್ಯೊನ್ ಅವನಿಗಿಂತ ಹದಿನೆಂಟು ವರ್ಷ ಚಿಕ್ಕವನು. ದೊಡ್ಡ ಹಡಗುಕಟ್ಟೆಯೊಂದರಲ್ಲಿ ಕರೆಂಟ್ ವೆಲ್ಡಿಂಗ್ ನೋಡಿಕೊಂಡಿದ್ದವನು. ಬಿಳಿ ಕೈಗವಸು ಹಾಕಿಕೊಳ್ಳುತ್ತಾನೆ, ಸಂಜೆಯವರೆಗೂ ಅದು ಬಿಳಿಯಾಗಿಯೇ ಇರುತ್ತದೆ. ಹಿಂದಿನ ಫೋರ್‌ಮನ್ ದೊಕ್ಸುವನ್ನು ಮೇಸ್ತ್ರಿಗಳೇ ಎನ್ನುತ್ತಿದ್ದ. ಇವನು ಬಂದ ಮೊದಲ ದಿನವೇ "ಏನ್ರೀ ಮಾ" ಎಂದ. ಗ್ಯಾಸ್ ಬೆಸುಗೆಗೆ ಇನ್ನು ಕೆಲಸವಿಲ್ಲ, ದಪ್ಪ ತಗಡಿಗೆಲ್ಲ ಕರೆಂಟ್, ತೆಳು ಪೈಪು ಹೋದರೆ ಹೊಸ ಪೈಪು ತಂದರಾಯಿತು, ನೀವು ಪ್ಯೊನ ಜೊತೆ ಕಟಿಂಗಿಗೆ ಹೋಗಿ ಎಂದ. "ಎರಡೂ ಆಕ್ಸಿಜನ್ ಕೆಲಸ ತಾನೆ? ಅದೇ ಸಿಲಿಂಡರು, ಅದೇ ಪೈಪು, ಅದೇ ಬೆಂಕಿ." ಅಂಗಳದಲ್ಲಿ ಎರಡಕ್ಕೂ ಆಕ್ಸಿಜನ್ ಕೆಲಸವೆಂದೇ ಹೆಸರು, ನಿಜ. ಆದರೆ ಅಂಗಳದಲ್ಲಿ ಹುಟ್ಟಿದ ಬೆಕ್ಕಿಗೂ ಅವೆರಡು ಒಂದಲ್ಲವೆಂದು ಗೊತ್ತು. ದೊಕ್ಸು ಆವತ್ತೇ ಬೆಸುಗೆ ಟಾರ್ಚನ್ನು ಮೂಲೆಗಿಟ್ಟು ಪ್ಯೊನ ಹಿಂದೆ ಹೋದ. ಹೇಳದೆ ನುಂಗಿದ್ದು ಮೂರು ತಿಂಗಳಿಂದ ಹೊಟ್ಟೆಯಲ್ಲಿ ಕೊಳೆಯುತ್ತಿತ್ತು.

ಬ್ಯೊನ್ ಈಗ ಒಂದು ಕಾಗದ ಮುಂದಿಟ್ಟ. ಮಾ ದೊಕ್ಸು ಎಂಬವನಾದ ನಾನು ಕತ್ತರಿಸುವ ಮೊದಲು ಮೂರು ಸಲ ಬಡಿದೆ, ಹೊರಗಿದ್ದ ಕೆಲಸದವಳಿಗೆ ಕಿವಿ ಕೇಳದ ಕಾರಣ ಅನಾಹುತವಾಯಿತು.

"ಮಧ್ಯಾಹ್ನದೊಳಗೆ ಮೊಹರು ಒತ್ತಿ ಕೊಡಿ. ಧಣಿಗೆ ತೋರಿಸ್ಬೇಕು. ಕಿವಿ ಕೇಳದವರನ್ನ ಹಲಗೆ ಮೇಲೆ ಕೂರಿಸಿದ್ದು ತಪ್ಪಾಯ್ತು, ತೆಗ್ದಾಕಿದೀವಿ ಅಂತ ಬರೆದ್ರೆ ಮುಗೀತು."

"ಕಿವಿ ಕೇಳದೋರು ಅವಳೊಬ್ಬಳೇ ಅಲ್ಲ."

"ಗೊತ್ರೀ. ನಿಮ್ಮನೆಯವರೂ ಇದಾರೆ. ಸದ್ಯಕ್ಕೆ ಇವಳೊಬ್ಬಳು ಸಾಕು." ಬ್ಯೊನ್ ನಕ್ಕ, ಕೆಟ್ಟ ನಗುವಲ್ಲ, ಉಪಕಾರ ಮಾಡಿದವನ ನಗು. "ಮೊಹರು ತಂದಿದೀರಾ?"

"ಇದೆ." ಅಂಗಿಯ ಒಳಜೇಬಿನ ಚರ್ಮದ ಚೀಲದಲ್ಲಿ, ಸಹಿಯ ಬದಲು ಒತ್ತುವ ಅವನ ಹೆಸರಿನ ಮೊಹರು ಇತ್ತು. ಮದುವೆಗೆ, ಮನೆ ಬಾಡಿಗೆಗೆ, ಅಪ್ಪನ ಸಾವಿನ ದಾಖಲೆಗೆ ಒತ್ತಿದ ಮೊಹರು.

"ಆಮೇಲಿನ್ನೊಂದು. ಬಲೆ ಎಳೆಯೋ ವಿಂಚಿನ ಕಾಲು ಸೀಳಿದೆ. ಬೀಡು ಕಬ್ಬಿಣ. ಕರೆಂಟಿನವರು ಎರಡು ಸಲ ಹಾಕಿದ್ರು, ಎರಡು ಸಲಾನೂ ಬಿಟ್ಕೊಳ್ತು. ನಿಮ್ ಹಳೇ ಕೆಲಸ. ಮಾಡ್ತೀರಾ?"

ದೊಕ್ಸುವಿನ ಎದೆಯೊಳಗೆ ಏನೋ ನಾಯಿಯ ಬಾಲದಂತೆ ಆಡಿತು. ಹೀಗೆ ಆಡಿದ್ದಕ್ಕಾಗಿ ಅವನು ತನ್ನನ್ನು ಒದೆಯಬೇಕೆಂದುಕೊಂಡ. "ಮಾಡ್ತೀನಿ" ಎಂದ. ಕಾಗದವನ್ನು ಮಡಿಸಿ ಮೊಹರಿನ ಜೊತೆಗೇ ಇಟ್ಟುಕೊಂಡ.

ಬೆಸುಗೆಯ ಟಾರ್ಚು ಮೂರು ತಿಂಗಳಿಂದ ಎಣ್ಣೆಬಟ್ಟೆಯ ಕೆಳಗೆ ಮೂಲೆಯಲ್ಲಿ ಬಿದ್ದಿತ್ತು. ಆಕ್ಸಿಜನ್ನಿನ ಹತ್ತಿರ ಎಣ್ಣೆ ಸೋಕಿಸಬಾರದೆಂಬ ಬುದ್ಧಿಯೂ ಯಾರಿಗೂ ಇಲ್ಲ. ಅದನ್ನು ಸಾಬೂನು ನೀರಿನಿಂದ ತೊಳೆದು, ಒರೆಸಿ, ಒಣಗಿಸಿ, ನಾಜಲ್ಲಿನ ಒಂದೇ ಒಂದು ತೂತಿನಲ್ಲಿ ಸೂಜಿ ಆಡಿಸಿ ಕೂತ. ವಿಂಚಿನ ಕಾಲನ್ನು ಇಟ್ಟಿಗೆಗಳ ಮೇಲಿಟ್ಟು ಸುತ್ತ ಇದ್ದಲು ಹಾಕಿದ. ಬೀಡನ್ನು ಹಸಿದ ಮಗುವಿಗೆ ಗಂಜಿ ಕುಡಿಸಿದ ಹಾಗೆ ನಿಧಾನವಾಗಿ ಕಾಯಿಸಬೇಕು, ಆಮೇಲೆ ಬೂದಿ ಮುಚ್ಚಿ ಅದಕ್ಕಿಂತ ನಿಧಾನವಾಗಿ ಆರಿಸಬೇಕು. ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಅದು ಹೇಳದೆ ಕೇಳದೆ ಬಿರಿಯುತ್ತದೆ. ಸೀಳಿನ ಉದ್ದಕ್ಕೂ ಉಳಿ ಹಿಡಿದು ಬಾಯಿ ಅಗಲಿಸುತ್ತ ಹೋದ. ಕೆಲಸ ಹೇಳಿಕೊಟ್ಟ ತಾಕ್ ಮೇಸ್ತ್ರಿ ಹೇಳುತ್ತಿದ್ದ, ಬೆಸೆಯುವವನು ನೋಡಬೇಕಾದ್ದು ಒಂದೇ ಒಂದು ಜಾಗ, ಬೆಂಕಿಯ ಬಿಳಿ ಮೊನೆಯ ಕೆಳಗೆ ಕರಗಿ ನಿಂತ ಕಬ್ಬಿಣದ ಹನಿ. ಮಿಕ್ಕ ಲೋಕ ಹಾಳಾಗಿ ಹೋಗಲಿ, ಆ ಹನಿಯಿಂದ ಕಣ್ಣು ತೆಗೆಯಬೇಡ. ದೊಕ್ಸು ಇಪ್ಪತ್ತೆಂಟು ವರ್ಷ ತೆಗೆಯಲಿಲ್ಲ. ಆ ಹನಿಯನ್ನು ಸರಿಗೆಯಿಂದ ಉಣಿಸುತ್ತ ಅಂಗುಲ ಅಂಗುಲ ನಡೆಸಿಕೊಂಡು ಹೋಗುವಾಗ ಅವನಿಗೆ ಮಕ್ಕಳ ಜ್ವರವಾಗಲಿ ಅಪ್ಪನ ಹೆಣವಾಗಲಿ ನೆನಪಾದದ್ದಿಲ್ಲ. ಅದನ್ನೇ ಅವನು ಗುಣವೆಂದುಕೊಂಡಿದ್ದ. ಜನ ಹಾಗೆಂದು ಹೊಗಳಿಯೂ ಇದ್ದರು.

"ಅಣ್ಣಾ, ಮದ್ವೆ ಮನೆ ಗಂಡಿನ ಥರ ಕಾಣ್ತಿದೀರಿ ಇವತ್ತು" ಎಂದ ಪ್ಯೊ, ಹಾದುಹೋಗುತ್ತ. ಪ್ಯೊನಿಗೆ ನಲವತ್ತು ದಾಟಿದೆ, ಕಟಿಂಗಿನಲ್ಲೇ ಹಲ್ಲು ಉದುರಿಸಿಕೊಂಡವನು. "ಹಳೇ ಹೆಂಡ್ತಿ ವಾಪಸ್ ಬಂದ್ಲಾ?"

"ನಿನ್ ಕೆಲಸ ನೋಡ್ಕೋ."

"ನಂದೇನಿದೆ. ನೀವು ಇಲಿ ಕಡ್ದ ಹಾಗೆ ಕಡಿದಿಟ್ಟ ಅಂಚನ್ನ ನೆಟ್ಟಗೆ ಮಾಡೋದೇ ನನ್ ಕೆಲಸ."

ಇಲಿ ಕಡಿದ ಹಾಗೆ. ನಿನ್ನೆಯೂ ಇದನ್ನೇ ಅಂದಿದ್ದ, ಬ್ಯೊನ್ ಎದುರಿಗೆ. ಬ್ಯೊನ್ ನಕ್ಕಿದ್ದ. ದೊಕ್ಸು ಆ ನಗುವನ್ನು ಬೆನ್ನಿಗಂಟಿಸಿಕೊಂಡು ಏಣಿ ಇಳಿದು ಹಡಗಿನ ಹೊಟ್ಟೆಗೆ ಹೋಗಿದ್ದ. ಕಟಿಂಗ್ ಟಾರ್ಚು ಹಚ್ಚಿದಾಗ ಗ್ಯಾಸಿನ ಬೆಳ್ಳುಳ್ಳಿ ವಾಸನೆ ಬಂತು, ಇವತ್ತಿನದೇ ವಾಸನೆ. ಈ ಟಾರ್ಚಿನ ಮೂತಿಯಲ್ಲಿ ಒಂದು ತೂತಲ್ಲ, ಸುತ್ತ ಸಣ್ಣ ತೂತುಗಳ ಬಳೆ, ನಡುವೆ ಒಂದು ದೊಡ್ಡ ತೂತು. ಬಳೆಯ ಬೆಂಕಿ ಕಾಯಿಸುವುದಕ್ಕೆ ಮಾತ್ರ. ತಗಡಿನ ಒಂದು ಚುಕ್ಕೆ ಹಣ್ಣಾದ ಮೇಲೆ ಹಿಡಿಯ ಮೇಲಿನ ಸನ್ನೆಕೋಲು ಒತ್ತಬೇಕು. ನಡುವಿನ ತೂತಿನಿಂದ ಬರೀ ಆಕ್ಸಿಜನ್ ರಭಸವಾಗಿ ನುಗ್ಗುತ್ತದೆ. ಆಮೇಲೆ ಕಬ್ಬಿಣ ಕರಗುವುದಿಲ್ಲ, ಸೌದೆಯಂತೆ ತಾನೇ ಉರಿಯುತ್ತದೆ. ಉರಿದ ಕಿಟ್ಟವನ್ನು ಗಾಳಿ ಆಚೆ ಬದಿಗೆ ಉಗುಳುತ್ತದೆ. ನಿನ್ನೆ ಚುಕ್ಕೆ ಕೆಂಪಾಗುತ್ತಿತ್ತು. ಸುತ್ತಿಗೆ ಅವನ ಎಡ ಮೊಣಕಾಲಿನ ಪಕ್ಕದಲ್ಲಿತ್ತು. ಅದು ಅವನಿಗೆ ಕಂಡಿತ್ತೇ? ಕಂಡಿತ್ತು. ಕೈಚಾಚಿದರೆ ಸಿಗುತ್ತಿತ್ತು. ಮರೆತನೇ, ಅಥವಾ ಎಲ್ಲರಿಗಾಗಿ ನಾನೇ ಏಕೆ ಬಡಿಯುತ್ತ ಕೂರಬೇಕು ಎಂದು ಒಂದು ಗಳಿಗೆ ಅನ್ನಿಸಿತೇ? ನಿನ್ನೆಯಿಂದ ಅವನು ಆ ಗಳಿಗೆಯನ್ನು ಮತ್ತೆ ಮತ್ತೆ ತಿರುವಿ ನೋಡಿದ್ದ. ಒಮ್ಮೆ ಒಂದು ಮುಖ ಕಾಣುತ್ತಿತ್ತು, ಒಮ್ಮೆ ಇನ್ನೊಂದು. ಕೆಂಪು ಚುಕ್ಕೆಯನ್ನೇ, ತಾಕ್ ಮೇಸ್ತ್ರಿಯ ಹನಿ ಎಂಬಂತೆ ನೋಡುತ್ತ ಸನ್ನೆ ಒತ್ತಿದ್ದ. ಆಚೆ ಒಂದು ಕೂಗು ಎದ್ದಿತು. ಆ ಹೆಂಗಸರು ಯಾವಾಗಲೂ ಕೂಗುವವರೇ. ಯಾವುದೋ ಪೋಲಿ ಮಾತಿಗೆ ನಗುತ್ತಿದ್ದಾರೆ ಎಂದುಕೊಂಡು ಇನ್ನೂ ಎರಡು ಗೇಣು ಕತ್ತರಿಸಿದ. ಎರಡು ಗೇಣು. ಬುನಿ ನಡುಕಟ್ಟಿನ ಬಟ್ಟೆ ಹಿಡಿದು ಎಳೆಯದಿದ್ದರೆ ವೊಲ್ಜಾ ಹಲಗೆಯಿಂದ ಕೆಳಗೆ ಬಿದ್ದಿರುತ್ತಿದ್ದಳು. ಏಣಿ ಹತ್ತಿ ಮೇಲೆ ಬಂದಾಗ ಬ್ಯೊನ್ "ಬಡಿದ್ರಾ?" ಎಂದ. "ಬಡಿದೆ" ಎಂಬ ಮಾತು ಅವನನ್ನು ಕೇಳದೆಯೇ ಬಾಯಿಂದ ಹೊರಬಿದ್ದು ನಿಂತಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬ್ಯೊನ್ ಬಂದ. ಹಡಗಿನ ಎರಡೂ ಪಕ್ಕೆಯಿಂದ ಸುತ್ತಿಗೆಗಳ ಸದ್ದು ಒಂದೇ ಸಮನೆ ಬೀಳುತ್ತಿದ್ದುದರಿಂದ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು.

"ಇನ್ನೂ ಉಳಿ ಹಿಡ್ಕೊಂಡ್ ಕೂತಿದೀರೇನ್ರೀ? ಬೆಸುಗೆ ಯಾವಾಗ?"

"ಬಾಯಿ ಪೂರ್ತಿ ಬಿಡಿಸ್ಬೇಕು. ಇಲ್ದಿದ್ರೆ ಒಳಗೆ ಕೂರಲ್ಲ."

"ಅದಕ್ಕೆ ಉಳಿ ಯಾಕೆ? ಪ್ಯೊ, ಆ ಟಾರ್ಚ್ ಕೊಡಿ ಇಲ್ಲಿ."

ಪ್ಯೊ ಅಲ್ಲೇ ಕಟಿಂಗ್ ಟಾರ್ಚು ಹಿಡಿದು ನಿಂತಿದ್ದ. "ಸಾರ್, ಅದು ಬೀಡು" ಎಂದ. "ಬೀಡು ಉರಿಯಲ್ಲ. ಕಟಿಂಗ್ ಹಿಡಿಯಲ್ಲ ಅದಕ್ಕೆ."

"ಕಬ್ಬಿಣ ತಾನೆ?"

"ಕಬ್ಬಿಣ ಹೌದು, ಆದ್ರೆ..."

"ಕೊಡ್ರೀ ಇಲ್ಲಿ. ಇವರದು ಸಂಜೆಗೂ ಮುಗಿಯಲ್ಲ." ಬಿಳಿ ಕೈಗವಸಿನ ಕೈ ಟಾರ್ಚನ್ನು ಕಸಿದುಕೊಂಡಿತು. ದೊಕ್ಸು ಎದ್ದು ಅಡ್ಡ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಹಿಡಿ, ಸನ್ನೆ ಒತ್ತು, ನೋಡುವ ಎಂಬ ಒಂದು ಕೊಳಕು ಸಂತೋಷ ಅವನನ್ನು ಕೂರಿಸಿಯೇ ಇಟ್ಟಿತು. ಬ್ಯೊನ್ ಸೀಳಿನ ತುದಿಯನ್ನು ಕಾಯಿಸಿ ಸನ್ನೆ ಒತ್ತಿದ. ಬೀಡು ಉರಿಯಲಿಲ್ಲ. ಕೆಮ್ಮಿತು, ಉಗುಳಿತು, ಅಂಟುಅಂಟಾಗಿ ಕರಗಿ ಅಲ್ಲೇ ಗಂಟು ಕಟ್ಟಿತು. ಅವನು ಹಟ ಬಿಡದೆ ಮತ್ತೆ ಒತ್ತಿದ. ಆಗ ಇದ್ದಲಿನ ನಡುವಿಂದ ಟಿಕ್ ಎಂದು ಒಂದು ಸಣ್ಣ ಸದ್ದು ಬಂತು. ಅಷ್ಟೂ ಸುತ್ತಿಗೆಗಳ ನಡುವೆ ದೊಕ್ಸುವಿಗೆ ಅದು ಹಲ್ಲು ಮುರಿದಂತೆ ಕೇಳಿಸಿತು. ಒಂದು ಗೇಣಿದ್ದ ಸೀಳು ಕಾಲಿನ ಉದ್ದಕ್ಕೂ ಓಡಿ ಬೋಲ್ಟಿನ ತೂತನ್ನು ಮುಟ್ಟಿತ್ತು. ಬೆಳಿಗ್ಗೆಯಿಂದ ಉಳಿ ಹಿಡಿದು ಬಿಡಿಸಿದ ಬಾಯಿ ನಾಯಿ ಅಗಿದುಬಿಟ್ಟ ಎಲುಬಿನಂತಾಗಿತ್ತು.

ಬ್ಯೊನ್ ಟಾರ್ಚನ್ನು ಪ್ಯೊನಿಗೆ ವಾಪಸು ಕೊಟ್ಟ. 

"ಸರಿಯಾಗಿ ಕಾಯ್ಸಿರ್ಲಿಲ್ಲ ನೀವು" ಎಂದ ದೊಕ್ಸುವಿಗೆ. "ಇದನ್ನೂ ಬರೀಬೇಕಾಗ್ತದೆ."

"ಏನಂದೆ?" ಎಂದ ದೊಕ್ಸು.

ಆ ಅಂಗಳದಲ್ಲಿ ಫೋರ್‌ಮನ್ನಿಗೆ ಯಾರೂ ಏಕವಚನ ಹಾಕಿದ್ದಿಲ್ಲ. ಪ್ಯೊ ಒಂದು ಹೆಜ್ಜೆ ಹಿಂದೆ ಸರಿದ.

"ನಾನು ಕಾಯ್ಸಿರ್ಲಿಲ್ವಾ? ಮೂರು ತಿಂಗಳಿಂದ ಕೇಳ್ತಾ ಇದೀನಿ ನಿನ್ ಮಾತು. ಅದೇ ಬೆಂಕಿ, ಅದೇ ಬೆಂಕಿ. ಯಾವನು ಹೇಳ್ದ ನಿಂಗೆ ಅದೇ ಬೆಂಕಿ ಅಂತ? ಇದು ನೋಡು." ಬೆಸುಗೆ ಟಾರ್ಚನ್ನು ಎತ್ತಿ ಅವನ ಮೂಗಿನ ಹತ್ತಿರ ಹಿಡಿದ. "ಒಂದು ತೂತು. ಇದು ಕರಗಿಸ್ತದೆ. ಕರಗಿದ್ದು ಇಲ್ಲೇ ಇರ್ತದೆ, ನನ್ ಕಣ್ಣೆದುರಿಗೆ. ಇದರಲ್ಲಿ ತಪ್ಪು ಮಾಡಿದ್ರೆ ನನ್ ಕೈ ಸುಡ್ತದೆ, ನನ್ ಕೆಲಸ ಕೆಡ್ತದೆ. ಅದು ಹಾಗಲ್ಲ. ಅದು ಉರಿಸೋ ಬೆಂಕಿ, ಉರಿಸಿದ್ದನ್ನ ಆಚೆ ಕಡೆಗೆ ಉಗಿಯೋ ಬೆಂಕಿ. ಅದನ್ನ ಹಿಡಿದವನಿಗೆ ಎದುರಿಗಿರೋದು ಕಂಡ್ರೆ ಸಾಲ್ದು, ತಗಡಿನ ಹಿಂದಿರೋದೂ ಕಾಣ್ಬೇಕು. ಅದಕ್ಕೆ ಬೇರೆ ಕೈ ಬೇಕು, ಬೇರೆ ತಲೆ ಬೇಕು. ಪ್ಯೊಗೆ ಇದೆ ಆ ತಲೆ. ನಂಗಿಲ್ಲ. ಇಪ್ಪತ್ತೆಂಟು ವರ್ಷ ನಾನು ಈಚೆ ಬದಿ ಬಿಟ್ಟು ಇನ್ನೊಂದು ನೋಡಿಲ್ಲ. ಅಂಥವನ ಕೈಗೆ ಕಟಿಂಗ್ ಕೊಟ್ಟೆ ನೀನು. ಒಂದೇ ಅಂತೆ. ಒಂದೇ ಆಗಿದ್ರೆ ನಿನ್ನೆ ನಾನು ಬಡೀತಿದ್ದೆ. ಬಡೀಲಿಲ್ಲ ನಾನು."

ಹಡಗಿನ ಕಡೆಯಿಂದ ಒಂದು ಸದ್ದೂ ಇರಲಿಲ್ಲ. ಹನ್ನೆರಡಾದರೆ ಸೈರನ್ ಕೇಳದವರಿಗಾಗಿ ಕಚೇರಿಯ ಮಾಡಿನಿಂದ ಕೆಂಪು ಬಟ್ಟೆ ಇಳಿಬಿಡುತ್ತಾರೆ. ಅದು ಕಂಡ ಕೂಡಲೇ ನಲವತ್ತು ಸುತ್ತಿಗೆ ಒಟ್ಟಿಗೇ ನಿಲ್ಲುತ್ತವೆ. ದೊಕ್ಸುವಿನ ಬೆನ್ನು ಕಚೇರಿಯ ಕಡೆಗಿತ್ತು. ತನ್ನ ಕಿವಿಯಲ್ಲೇ ಸೈರನ್ನಿನಂತೆ ಹರಿಯುತ್ತಿದ್ದ ಸಿಟ್ಟಿನಲ್ಲಿ ಅವನಿಗೆ ಯಾವ ಸೈರನ್ನೂ ಕೇಳಿಸಿರಲಿಲ್ಲ. ಕೊನೆಯ ಮಾತನ್ನು ಸುತ್ತಿಗೆಗಳ ಮೇಲೆ ಕೂಗುವ ದನಿಯಲ್ಲಿ ಅವನು ಬರಿಯ ಮೌನದ ಮೇಲೆ ಕೂಗಿದ್ದ. ಊಟಕ್ಕೆಂದು ಏಣಿಗಳಿಂದ ಇಳಿದ ಹೆಂಗಸರು ಬುತ್ತಿ ಹಿಡಿದು ಅರ್ಧ ಸುತ್ತಾಗಿ ನಿಂತಿದ್ದರು. ಕೇಳುವವರು ಕೇಳಿದ್ದರು, ಕೇಳದವರು ಅವನ ತುಟಿಗಳನ್ನೇ ನೋಡುತ್ತಿದ್ದರು. ಬುನಿ ಮುಂದಿನ ಸಾಲಿನಲ್ಲಿದ್ದಳು. ಅವಳ ಹಿಂದೆ, ಇವತ್ತು ತನಗೆ ಊಟವಿಲ್ಲದಿದ್ದರೂ ಎಲ್ಲರ ಜೊತೆ ಕೂರಲು ಒಳಗೆ ಬಂದ ವೊಲ್ಜಾ.

"ಅಂದ್ರೆ ನಿನ್ನೆ ಸುಳ್ಳು ಹೇಳಿದ್ರಿ" ಎಂದ ಬ್ಯೊನ್, ತಗ್ಗಿದ ದನಿಯಲ್ಲಿ. 

"ಹೌದು."

"ಏನ್ ಹೇಳಿದ್ರಿ ಅಂತ ಗೊತ್ತಾ ನಿಮ್ಗೆ?"

ಆಗ ಮಾತ್ರ ದೊಕ್ಸುವಿಗೆ ಗೊತ್ತಾಯಿತು. ಬೆಂಕಿಗಳೆರಡೂ ಒಂದಲ್ಲ ಎಂದು ಸಾಧಿಸಲು ಕೈಗೆ ಸಿಕ್ಕ ಕಲ್ಲನ್ನೆಲ್ಲ ಎಸೆದಿದ್ದ. ಕೊನೆಗೆ ಸಿಕ್ಕ ಕಲ್ಲು ಅದಾಗಿತ್ತು. ವೊಲ್ಜಾ ಅವನ ಕಡೆ ನೋಡುತ್ತಿರಲಿಲ್ಲ. ಟವೆಲು ಸುತ್ತಿದ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಎಡ ಅಂಗೈಯನ್ನು ತೊಡೆಗೆ ಉಜ್ಜುತ್ತಿದ್ದಳು, ನಿಧಾನವಾಗಿ, ಮತ್ತೆ ಮತ್ತೆ. ಆಮೇಲೆ ಬುನಿಯ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ ಅಕ್ಕಾ?" ಎಂದು ಕೂಗಿದಳು. ಬುನಿ ಕೇಳಿಸದವಳಂತೆ ನಿಲ್ಲಬಹುದಿತ್ತು. "ಗೊತ್ತಿತ್ತು" ಎಂದು ಕೂಗಿಯೇ ಹೇಳಿದಳು. ವೊಲ್ಜಾ ತಲೆಯಾಡಿಸಿದಳು. ಬಕೆಟ್ಟು, ಸುತ್ತಿಗೆ ಎರಡನ್ನೂ ಬಾಗಿಲಲ್ಲೇ ಬಿಟ್ಟು ಮನೆಯ ಕಡೆ ಇಳಿಜಾರು ಹತ್ತಿ ಹೋದಳು. ಮುಲಾಮಿನ ಟ್ಯೂಬು ದೊಕ್ಸುವಿನ ಜೇಬಿನಲ್ಲೇ ಉಳಿಯಿತು.

ಬ್ಯೊನ್ ಹೊಸ ಕಾಗದ ಬರೆದು ತರಲು ಕಚೇರಿಗೆ ಹೋದ. ದೊಕ್ಸು ಇಟ್ಟಿಗೆಗಳ ಹತ್ತಿರ ಕೂತ. ಇದ್ದಲು ಇನ್ನೂ ಬಿಸಿ ಇತ್ತು. ಬುನಿ ಬಂದು ಎರಡು ಮೊಳ ದೂರದಲ್ಲಿ ಕೂತು ಬುತ್ತಿ ಬಿಚ್ಚಿದಳು. ಅನ್ನ, ಮೂಲಂಗಿ ಕಿಮ್ಚಿ, ಹುರಿದ ಸಣ್ಣ ಮೀನು. ಅವನ ಪಾಲನ್ನು ಮುಚ್ಚಳದಲ್ಲಿ ಹಾಕಿ ಮುಂದೆ ತಳ್ಳಿದಳು. ಅವನು ತಿನ್ನಲಿಲ್ಲ, ಅವಳು ತಿಂದಳು.

"ಹೇಳಿದ್ನಲ್ಲ" ಎಂದ ದೊಕ್ಸು, ಅವಳ ಕಣ್ಣೆದುರು ತುಟಿ ಆಡಿಸಿ. ಹೊಗಳಿಕೆ ಬೇಡುವಂತಿದ್ದ ತನ್ನ ದನಿ ಅವನಿಗೇ ಅಸಹ್ಯವಾಯಿತು.

"ಹೇಳಿದ್ರಿ. ಅವಳಿಗೋಸ್ಕರ ಹೇಳ್ಲಿಲ್ಲ. ನಿಮ್ ಬೆಂಕಿ ದೊಡ್ಡದು ಅಂತ ಹೇಳೋಕೆ ಹೇಳಿದ್ರಿ."

"ನೀನು ಅದನ್ನೂ ಹೇಳ್ಲಿಲ್ಲ."

"ಇಲ್ಲ" ಎಂದಳು ಬುನಿ. ಬಾಯಲ್ಲಿದ್ದುದನ್ನು ಅಗಿದು ನುಂಗಿದಳು. "ನಾನು ಯಾವುದಕ್ಕೂ ಹೇಳ್ಲಿಲ್ಲ. ಅವಳು ನನ್ ಪಕ್ಕ ಕೂತಿದ್ಲು." ಇಷ್ಟನ್ನೂ ಅವಳು ಎಂದಿನಂತೆ ಕೂಗಿಯೇ ಹೇಳಿದಳು. ಅಂಗಳದ ಆ ತುದಿಯಲ್ಲಿ ಕೂತು ಉಣ್ಣುತ್ತಿದ್ದವರು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು.

ಬ್ಯೊನ್ ತಂದ ಕಾಗದದಲ್ಲಿ ವಿಂಚಿನ ಕಾಲಿನ ಸಂಗತಿಯೂ ಸೇರಿತ್ತು; ಅದೂ ದೊಕ್ಸುವಿನ ತಪ್ಪೆಂದೇ ಬರೆದಿತ್ತು. ಪ್ಯೊ ಅದನ್ನು ಇಣುಕಿ ಓದಿದ, ಬ್ಯೊನ್‌ನ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ದೊಕ್ಸುವಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಮುಚ್ಚಿದ ಬಾಯಿ ಅವನಿಗೆ ಚೆನ್ನಾಗಿ ಗುರುತಿತ್ತು. ಅಲ್ಲಿ ಸುಳ್ಳಿದೆ ಎಂದು ಎರಡನೇ ಸಲ ಕೂಗಲು ಅವನಲ್ಲಿ ಉಸಿರಿರಲಿಲ್ಲ. ಇದ್ದಿದ್ದರೂ ಯಾರು ನಂಬುತ್ತಿದ್ದರು, ಬಡಿದೆ ಎಂದವನನ್ನು? ಒಂದೇ ಮೊಹರು, ಎರಡು ತಪ್ಪು. ಕೆಂಪು ಶಾಯಿಗೆ ಅದ್ದಿ ಒತ್ತಿದ. ಸಂಜೆಗೆ ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿದರು.

ವೊಲ್ಜಾ ಹನ್ನೊಂದನೆಯ ದಿನ ಕೆಲಸಕ್ಕೆ ಮರಳಿದಳು. ನಡುವಿನ ಹತ್ತು ದಿನದ ಕೂಲಿಯನ್ನು ಯಾರೂ ಕೊಡಲಿಲ್ಲ. ಬುನಿಯ ಪಕ್ಕದಲ್ಲಿ ಕೂರುವುದಿಲ್ಲವೆಂದು ಹೇಳಿ ಹಡಗಿನ ಇನ್ನೊಂದು ಪಕ್ಕೆಯಲ್ಲಿ ಹಲಗೆ ಹಾಕಿಸಿಕೊಂಡಳು. ಕೇರಿಯಲ್ಲಿ ದೊಕ್ಸು ಎದುರಾದರೆ ದಾರಿ ಬಿಡುತ್ತಾಳೆ, ಭಾವ ಎನ್ನುವುದಿಲ್ಲ. ಅಂಗಳದಲ್ಲಿ ಈಗ ಗ್ಯಾಸ್ ಬೆಸುಗೆ ಬಲ್ಲವರು ಯಾರೂ ಇಲ್ಲ. ದೊಕ್ಸು ಕಳೆದುಕೊಂಡದ್ದು ಇಪ್ಪತ್ತೆಂಟು ವರ್ಷದ ಕೆಲಸ, ಬುನಿ ಕಳೆದುಕೊಂಡದ್ದು ಹದಿನೈದು ವರ್ಷದ ಗೆಳತಿ. ವೊಲ್ಜಾ ಗಳಿಸಿದ್ದು, ಮೊದಲೇ ತನ್ನದಾಗಿದ್ದ ಕೂಲಿ.